ಉಡಿಕಿ ನೋಡಿದಾಕಿ

ನನ್ನ ಗಂಡ ಸತ್ತು ಇನ್ನಾ ಎರಡು ತಿಂಗಳ ಆಗಿರ್ಲಿಲ್ಲ, ನಾ ಅವನ ಹೆಂಡ್ತೀನ ಅಲ್ಲ ಅಂತ ಕಾಗದ ಬಂತು. ಬರಸಿದಾಂವ ಯಾರು? ಚನ್ನೇಶ. ಮೂರು ವರ್ಷದಾಂವ ಇದ್ದಾಗಿಂದ ನನ್ನ ಕೈ ರೊಟ್ಟಿ ತಿಂದು ಬೆಳದಾಂವ. ಉಂಡ ಮನಿ ಗಳಾ ಎಣಸೂದು ಅಂತಾರಲ್ಲ, ಈ ಭಾಡ್ಯಾ ಎಣಿಸಿ ಬಿಡ್ಲಿಲ್ಲ, ಬಿಚ್ಚಿಕೊಂಡ ಹೋಗಾಕ ನಿಂತ.

ಕಾಗದ ನನ್ನ ಮನಿಗೆ ಬಂದದ್ದಲ್ಲ. ಮೇಡ್ಲೇರಿ ಚಾವಡಿ ಗ್ವಾಡಿಗೆ ಹಚ್ಚಿದ್ರು. ನಮ್ಮ ಬಾಜೂ ಹೊಲದ ಯೂಸುಫಸಾಬ ನೋಡಿ ಬಂದು ಹೇಳಿದ. ನಾಕನೇತ್ತೆ ಮಟ ಕಲ್ತಾಕಿ ನಾನು, ಓದಾಕ ಬರ್ತೈತಿ. ಹೋಗಿ ನಿಂತು ಓದಿದೆ. ಖಾತೇದಾರ ಮೈಲಾರೆಪ್ಪ ತೀರಿಕೊಂಡಾನ, ಅವನ ಹೆಂಡ್ತಿ ಮಾಲತವ್ವ ಮೊದಲ ತೀರಿಕೊಂಡಾಳ, ಮಗ ಚನ್ನೇಶ ಒಬ್ಬನ ವಾರಸುದಾರ, ಹೊಳಿದಂಡಿ ಹೊಲ ಮತ್ತ ಮನಿ ಅವನ ಹೆಸರಿಗೆ ಮಾಡೂದೈತಿ, ತಕರಾರ ಇದ್ದವರು ಇಷ್ಟ ದಿನದೊಳಗ ಬರ್ರಿ. ಎರಡು ಸಲ ಓದಿದೆ. ಉಚ್ಚಂಗೆವ್ವ ಅನ್ನೂ ಹೆಸರು ಎಲ್ಲೂ ಇರ್ಲಿಲ್ಲ.

ನಮ್ಮ ಕಡೆ ಮೃತ್ಯುಪತ್ರ ಗಿತ್ಯುಪತ್ರ ಯಾರೂ ಬರಸಂಗಿಲ್ಲ. ಸಾಯೂ ಮಾತ ಆಡಿದ್ರ ಸಾವು ಬರ್ತೈತಿ ಅಂತಾರ. ಯಜಮಾನ ಸತ್ತ ಮ್ಯಾಲ ಊರ ಲೆಕ್ಕಾ ಬರಿಯೂ ತಲಾಠಿ ಕಡೆ ವಂಶಾವಳಿ ಮಾಡಸೂದು. ಸತ್ತಾಂವಗ ಹೆಂಡ್ರೆಷ್ಟು, ಮಕ್ಕಳೆಷ್ಟು ಅಂತ ಒಂದು ಹಾಳ್ಯಾಗ ಬರದು ಐದು ಮಂದಿ ಪಂಚರು ಸಹಿ ಹಾಕಿದ್ರ ಮುಗೀತು, ಕೋರ್ಟಿಲ್ಲ, ಕಚೇರಿಲ್ಲ, ಹೆಸರು ಸೀದಾ ಹೊಲಮನಿ ಉತಾರದಾಗ ಏರ್ತೈತಿ. ಛಲೋ ಪದ್ಧತಿನ. ಆದ್ರ ವಂಶಾವಳ್ಯಾಗ ಹೆಸರಿಲ್ಲದಾಕಿ ಉತಾರದಾಗೂ ಇಲ್ಲ, ಉತಾರದಾಗ ಇಲ್ಲದಾಕಿ ಮನ್ಯಾಗೂ ಇಲ್ಲ.

ಅಲ್ಲೇ ಚಾವಡಿ ಕಟ್ಟಿ ಮ್ಯಾಲ ಕುಂತು ಚನ್ನೇಶಗ ಫೋನ್ ಹಚ್ಚಿದೆ. ಅಂವ ಕುಮಾರಪಟ್ಟಣದ ಫ್ಯಾಕ್ಟರಿಗೆ ಹೋಗ್ತಾನ, ಹೆಂಡ್ತಿ ಕಾವ್ಯಾನ ಕರಕೊಂಡು ರಾಣೆಬೆನ್ನೂರಾಗ ಮನಿ ಮಾಡ್ಯಾನ. ಫೋನ್ ಎತ್ತಿದಾಂವನ ಗೊತ್ತಾತೇನು ಅಂತ ಕೇಳಿದ, ಅದೇನೋ ಹಬ್ಬದ ಸುದ್ದಿ ಕೇಳಿದಂಗ. ಹೊಲಕ್ಕ ಗಿರಾಕಿ ಬಂದಾರಂತ. ಮಾರಾಟ ಆಗೂ ಮಟ ನೀ ಮನ್ಯಾಗ ಇರು, ನಾ ಏನೂ ಅನ್ನಂಗಿಲ್ಲ, ಆಮ್ಯಾಲ ಬ್ಯಾಡಗಿಗೆ ನಿಮ್ಮಣ್ಣನ ಮನಿಗೆ ಹೋಗು ಅಂದ.

'ನಾ ನಿಮ್ಮಪ್ಪನ ಹೆಂಡ್ತಿ ಅಲ್ಲೇನೋ?' ಅಂದೆ.

'ನಿಂದು ಲಗ್ನ ಅಲ್ಲ, ಉಡಿಕಿ. ಅದನ್ನ ಯಾರು ನೋಡ್ಯಾರ, ಕರಕೊಂಡ ಬಾ' ಅಂದ.

ಫೋನ್ ಇಟ್ಟ. ಅಂವ ಕೇಳಿದ್ದು ಒಂದು ಪ್ರಶ್ನಿ ಅಲ್ಲ, ಹಳ್ಳಾ ತೋಡಿ ಮ್ಯಾಲ ಹುಲ್ಲು ಹಾಸಿದ್ದ.

ಉಡಿಕಿ ಅಂದ್ರ ಗಂಡ ಸತ್ತಾಕಿಗೆ ಇನ್ನೊಂದು ಗಂಡನ್ನ ಕೂಡಸೂದು. ನನ್ನ ಮೊದಲನೇ ಗಂಡ ಲಗ್ನಾಗಿ ಎಂಟು ತಿಂಗಳಿಗೆ ಲಾರಿಗೆ ಸಿಕ್ಕು ಹೋದ. ಆಗ ನಂಗ ಇಪ್ಪತ್ತನಾಕು. ಬ್ಯಾಡಗಿ ಮೆಣಸಿನಕಾಯಿ ಪ್ಯಾಟ್ಯಾಗ ಹಮಾಲಿ ಮಾಡೂ ಅಣ್ಣ, ಅವನ ಹೆಂಡ್ತಿ ಬಾಯಿ ಮೆಣಸಿನಕಾಯಿಗಿಂತಾ ಖಾರ. ಮೇಡ್ಲೇರಿಯಾಗ ಮೈಲಾರೆಪ್ಪ ಅನ್ನಾಂವ, ಹೆಂಡ್ತಿ ಎರಡನೇ ಹೆರಿಗಿ ಒಳಗ ಕೂಸಿನ ಸಂಗಾಟ ಸತ್ತಾಳ, ಸಣ್ಣ ಹುಡುಗನ್ನ ನೋಡಾವ್ರಿಲ್ಲ ಅಂತ ಸುದ್ದಿ ಬಂದಾಗ ಅಣ್ಣ ಹಿಂದಮುಂದ ನೋಡಲಿಲ್ಲ, ನಾನೂ ನೋಡಲಿಲ್ಲ. ಆದ್ರ ಉಡಿಕಿಗೆ ಹಂದರಿಲ್ಲ, ವಾಲಗಿಲ್ಲ, ಅಕ್ಕಿಕಾಳಿಲ್ಲ, ಲಗ್ನಪತ್ರಿಕೆ ಇಲ್ಲ. ಹೊತ್ತು ಮುಳುಗಿದ ಮ್ಯಾಲ ಹಿತ್ತಲ ಬಾಗಲದಾಗಿಂದ ಒಳಗ ಕರಕೋತಾರ. ಮುತ್ತೈದೇರು ನೋಡಬಾರ್ದು, ನೋಡಿದ್ರ ಅವರ ತಾಳಿಗೆ ಕೇಡು. ಓಣಿ ಮಂದಿ ಬಾಗಲಾ ಹಾಕ್ಕೊಂಡು ಒಳಗ ಕುಂದ್ರತಾರ. ಸೀರಿ ಉಡಸಾವ್ರು, ಬಳಿ ಇಡಸಾವ್ರು, ದೀಪಾ ಹಿಡಿಯಾವ್ರು ಎಲ್ಲಾರೂ ಗಂಡ ಸತ್ತಾವ್ರ. ಮರುದಿನ ಬೆಳಗಾದ್ರ ಆಕಿ ಹುಟ್ಟಿದಾಗಿಂದ ಅದ ಮನ್ಯಾಗ ಇದ್ದಂಗ ಕಸಾ ಹೊಡೀತಿರ್ತಾಳ. ಯಾರೂ ಏನೂ ಕೇಳಂಗಿಲ್ಲ.

ಹಿಂಗಾಗಿ ಮೂವತ್ತು ವರ್ಷ ಆ ಊರು ನನ್ನ ಕೈಲೆ ಚಾ ಕುಡದೈತಿ, ನನ್ನ ಸಂಗಾಟ ಜಗಳಾಡೈತಿ, ಮೈಲಾರೆಪ್ಪನ ಹೆಂಡ್ತಿ ಅಂತ ಕರದೈತಿ. ನನ್ನ ಲಗ್ನ ಮಾತ್ರ ಒಬ್ಬರೂ ನೋಡಿಲ್ಲ.

ತಲಾಠಿ ಹೊಸಾಕಿ, ನಂಗ ಮಗಳಿದ್ದಿದ್ರ ಆಕಿ ವಯಸ್ಸಿನ ಹುಡುಗಿ, ತಿಳಿವಳಿಕಿ ಇದ್ದಾಕಿ. ಆಕಿ ಮುಂದ ರೇಶನ್ ಕಾರ್ಡ್ ಇಟ್ಟೆ. ಇದು ಅಕ್ಕಿ ತಗೊಳ್ಳಾಕ ಐತ್ರಿ ಅಮ್ಮಾರ, ಲಗ್ನದ ಪುರಾವೆ ಅಲ್ಲ ಅಂದ್ಲು. ಗಂಡನ ಹೆಣದ ಮುಂದ ನನ್ನ ಬಳಿ ಒಡದ್ರಲ್ಲವಾ, ಇಡೀ ಊರು ನಿಂತು ನೋಡೇತಲ್ಲ, ಯಾರ ಹೆಂಡ್ತಿ ಅಂತ ಒಡದ್ರು ಅಂತ ಕೇಳಿದೆ. ಆಕಿ ರೇಶನ್ ಕಾರ್ಡ್ ತಿರುಗಿ ನನ್ನ ಕೈಗೆ ಕೊಟ್ಲು. ಎದುರ ಪಾರ್ಟಿ ಲಗ್ನಾ ಅಲ್ಲಗಳದೈತಿ, ಯಾರರೆ ಒಬ್ಬರು ಕಣ್ಣಾರೆ ನೋಡೇನಿ ಅಂತ ಹೇಳಬೇಕು, ಇಲ್ಲಂದ್ರ ನೀವು ಸಿವಿಲ್ ಕೋರ್ಟಿಗೆ ಹೋಗಬೇಕಾಗ್ತೈತಿ ಅಂದ್ಲು. ಬಳಿ ಹಾಕಿದ್ದಕ್ಕ ಸಾಕ್ಷಿ ಬೇಕಂತ, ಒಡದದ್ದಕ್ಕ ಬ್ಯಾಡಂತ. ಎಂಥಾ ಕಾಯ್ದೆನೋ ಏನೋ, ಅದರ ಬಾಯಾಗ ಮಣ್ಣ ಹಾಕ.

ಪಂಚರ ಪೈಕಿ ಯೂಸುಫಸಾಬ ಒಬ್ಬಾಂವ. ನೀ ಒಂದು ಸಹಿ ಹಾಕಪಾ ಅಂತ ಅವನ ಮನಿಗೆ ಹೋದೆ. ಅಂವ ಸುಳ್ಳಾಡಂಗಿಲ್ಲ, ಅದ ಅವನ ರೋಗ. ಉಚ್ಚಂಗೆಕ್ಕ, ಆವತ್ತ ನಾವೂ ಬಾಗಲಾ ಹಾಕಿದ್ವಿ, ನಿಮ್ಮ ಪದ್ಧತಿಗೆ ಮರ್ಯಾದಿ ಕೊಟ್ಟು ಹಾಕಿದ್ವಿ, ಈಗ ನೋಡೇನಿ ಅಂತ ಹೆಂಗ ಬರೀಲಿ ಅಂದ. ಕಣ್ಣಾಗ ನೀರು ತಂದಾನ. ನಿನ್ನ ಮರ್ಯಾದಿ ತಗೊಂಡು ಹೊಳ್ಯಾಗ ಹಾಕು ಅಂತ ಬೈದು ಬಂದೆ. ಪಾಪ, ಅವನದೇನು ತಪ್ಪಿತ್ತು. ಆದ್ರ ಆವತ್ತ ನಂಗ ಯಾರ ಮ್ಯಾಲರೆ ಸಿಟ್ಟು ಕಾರಬೇಕಾಗಿತ್ತು.

ರಾಣೆಬೆನ್ನೂರ ತಾಲೂಕ ಕಚೇರಿ ಹೊರಗ ಟೈಪ್ ಮಶೀನ್ ಇಟ್ಕೊಂಡು ತೌಹೀದ ಅನ್ನಾಂವ ಅರ್ಜಿ ಬರೀತಾನ. ಅವನ ಕಡೆ ತಕರಾರ ಅರ್ಜಿ ಬರಸಿದೆ. ಬರೀತಾ ಬರೀತಾ ಕೇಳಿದ, ಆವತ್ತ ಒಳಗ ಯಾರ್ಯಾರ ಇದ್ರು ಅಂತ. ಐದು ಮಂದಿ ಅಂದೆ. ಬೆರಳ ಮಡಚಿ ಹೇಳಿದೆ, ನಾಕು ಮಂದಿ ಮಣ್ಣಾಗ್ಯಾರ. ಐದನೇದಾಕಿ ಹೊಳಿಯವ್ವ, ಅಗಡ್ಯಾಗ ಇನ್ನಾ ಬದುಕ್ಯಾಳ. ಮತ್ತ ಆಕಿನ್ನ ಕರಸ್ರಿ, ಕೆಲಸ ಆತಲ್ಲ ಅಂದ ತೌಹೀದ. ನಗು ಬಂತು ನನಗ. ಹೊಳಿಯವ್ವ ಅಂದ್ರ ಸತ್ತ ಮಾಲತವ್ವನ ಹಡದವ್ವ. ಚನ್ನೇಶನ ಸ್ವಂತ ಆಯಿ.

ಮಗಳು ಸತ್ತ ವರ್ಷದೊಳಗ ಅಳಿಯನ ಉಡಿಕಿಗೆ ಆಕಿ ಬಂದಿದ್ಲು. ಮೊಮ್ಮಗಗ ಎರಿಯಾಕ, ಉಣಸಾಕ ಒಬ್ಬಾಕಿ ಬೇಕು ಅಂತ ಮನಸು ಕಲ್ಲು ಮಾಡಿಕೊಂಡು ಬಂದಿದ್ಲು. ಆಕೀನೂ ಗಂಡ ಸತ್ತಾಕಿ, ಬರಾಕ ಅಡ್ಡಿ ಇರ್ಲಿಲ್ಲ. ನನ್ನ ಸೀರಿ ನಿರಿಗಿ ಹಿಡದಾಕಿ ಆಕಿನ. ಆಮ್ಯಾಲ ಮೂವತ್ತು ವರ್ಷ ನನ್ನ ಮನಿ ನೀರು ಮುಟ್ಟಲಿಲ್ಲ. ಮೊಮ್ಮಗನ್ನ ನೋಡಾಕ ಬಂದ್ರ ಯೂಸುಫಸಾಬನ ಕಟ್ಟಿ ಮ್ಯಾಲ ಕುಂತು ಅಲ್ಲಿಗೇ ಕರಸ್ತಿದ್ಲು. ಆಕಿ ಯಾವಾಕಿ, ಆಕಿದೇನು ಲಗ್ನ ಅಂತ ಹುಡುಗನ ಕಿವ್ಯಾಗ ಊದಿದಾಕೀನೂ ಆಕಿನ.

ನಾನೇನು ಸತ್ಯವಂತೆ ಅಲ್ಲ. ಗ್ವಾಡಿ ಮ್ಯಾಲ ಮಾಲತವ್ವಂದು ಒಂದು ಫೋಟೋ ಇತ್ತು, ಬಂದ ಎರಡನೇ ವರ್ಷ ತಗದೆ. ಹುಡುಗ ರಾತ್ರಿ ಅದನ್ನ ನೋಡಿ ಅಳತಾನ ಅಂತ ಗಂಡಗ ಹೇಳಿದೆ. ಹುಡುಗ ಅಳತಿದ್ದಿಲ್ಲ. ನಂಗ ಆಕಿ ನೋಡೂದು ತಡಕೊಳ್ಳಾಕ ಆಗಿರ್ಲಿಲ್ಲ. ಸಾಲಿಗೆ ಹಾಕೂ ಮುಂದ ತಾಯಿ ಹೆಸರು ಕೇಳಿದ್ರು, ಉಚ್ಚಂಗೆವ್ವ ಅಂತ ಬರಸಿದೆ. ಎಷ್ಟು ಖುಷಿ ಆಗಿತ್ತು ಆವತ್ತ ನನಗ. ಹೊಳಿಯವ್ವಗ ಸುದ್ದಿ ಮುಟ್ಟಿ ಆಕಿ ಅಗಡ್ಯಾಗ ಎರಡು ದಿನ ಉಣ್ಣಲಿಲ್ಲಂತ.

ಅಂಥಾಕಿ ಬಾಗಲಕ್ಕ ಹೋಗೂದು ಅಂದ್ರ. ಆದ್ರ ಬ್ಯಾರೆ ದಾರಿ ಎಲ್ಲಿತ್ತು? ಬ್ಯಾಡಗಿ ಅಣ್ಣ ಫೋನ್ಯಾಗ ಅಡ್ಡಗ್ವಾಡಿ ಮ್ಯಾಲ ದೀಪ ಇಟ್ಟಂಗ ಮಾತಾಡಿದ್ದ, ಬಾ ಅನ್ನಲಿಲ್ಲ, ಬರಬ್ಯಾಡ ಅನ್ನಲಿಲ್ಲ. ಐವತ್ತನಾಕು ವರ್ಷಕ್ಕ ಅವನ ಹೆಂಡ್ತಿ ಕೈಯಾಗ ಮತ್ತ ಉಣ್ಣೂದಕ್ಕಿಂತಾ ಹೊಳಿಯವ್ವನ ಬೈಗಳ ತಿನ್ನೂದ ಪಾಡ ಅಂತ ಹಾವೇರಿ ಬಸ್ ಹತ್ತಿದೆ. ಅಲ್ಲಿಂದ ಟಂಟಂ ಹಿಡದು ಅಗಡಿಗೆ ಹೋದೆ.

ಮುದುಕಿ ಪಡಸಾಲ್ಯಾಗ ಕುಂತು ಅವರಿಕಾಯಿ ಸುಲೀತಿದ್ಲು. ಎಂಬತ್ತರ ಮ್ಯಾಲ ಆಗ್ಯಾವ, ಕಣ್ಣು ಮಾತ್ರ ಹದ್ದಿನ ಕಣ್ಣು. ಕುಂದ್ರು ಅನ್ನಲಿಲ್ಲ. ನಾ ಹೊಸ್ತಿಲ ಹೊರಗ ನಿಂತ ಎಲ್ಲಾ ಹೇಳಿದೆ. ಆಕಿ ಕಾಯಿ ಸುಲಿಯೂದು ನಿಲ್ಲಸಲಿಲ್ಲ. ನಿನ್ನ ಮೊಮ್ಮಗ ನನ್ನ ಹೊರಗ ಹಾಕಾಕತ್ಯಾನ ಅಂದ್ರ, ಹಾಕ್ಲಿ ಅಂದ್ಲು. ಮೂವತ್ತು ವರ್ಷ ಒಳಗ ಇದ್ದಿದ್ದ ಭಾಳಾತು ಅಂದ್ಲು. ನಾ ನಿನ್ನ ಮೊಮ್ಮಗನ ಉಚ್ಚಿಬಟ್ಟಿ ಒಗದೇನಿ ಅಂದೆ. ಅದಕ್ಕಂತ ತಂದದ್ದು ಅಂದ್ಲು. ನಂಗ ಮೈಯೆಲ್ಲಾ ಉರಕೊಂಡು ಬಂತು, ಆದ್ರೂ ನುಂಗಿದೆ. ಕೆಲಸ ಇದ್ದಾಗ ಕತ್ತಿ ಕಾಲೂ ಹಿಡೀಬೇಕಲ್ಲ.

ಕಡೀಕ ಆಕಿ ತಲಿ ಎತ್ತಿ ನನ್ನ ನೋಡಿದ್ಲು.

'ನನ್ನ ಮಗಳ ಫೋಟೋ ಎಲ್ಲೈತಿ? ಇದ್ದದ್ದ ಒಂದು.'

ಟ್ರಂಕಿನಾಗ ಐತಿ, ತಂದು ಕೊಡತೇನಿ ಅಂತ ಒಂದು ಸುಳ್ಳು ಒಗದಿದ್ರ ಸಾಕಿತ್ತು. ನಾಲಿಗಿ ತುದಿಗೆ ಬಂದಿತ್ತು. ಆದ್ರ ಆ ಕಣ್ಣಿನ ಮುಂದ ಹೊಳ್ಳಲಿಲ್ಲ.

'ಹೊಳಿಗೆ ಬಿಟ್ಟೆ' ಅಂದೆ.

ಮುದುಕಿ ಕಾಯಿ ಮೊರಾ ಬಾಜೂಕ ಸರಿಸಿ, ಗ್ವಾಡಿ ಹಿಡಕೊಂಡು ಎದ್ದು, ಒಳಗ ಹೋಗಿ ಬಾಗಲಾ ಹಾಕ್ಕೊಂಡ್ಲು. ಅಗಳಿ ಹಾಕಿದ್ದು ಕೇಳಸ್ತು. ನಾ ಬಿಸಲಾಗ ಭಾಳ ಹೊತ್ತು ನಿಂತಿದ್ದೆ. ತಪ್ಪಾತು ಅನ್ನಬೇಕಿತ್ತು, ಬಾಗಲಕ್ಕ ಕೇಳೂವಂಗರೆ ಅನ್ನಬೇಕಿತ್ತು. ಅನ್ನಲಿಲ್ಲ. ಸೊಕ್ಕು ನನ್ನದು. ಬಸ್ಸಿನಾಗ ಕುಂತು ನನಗ ನಾನ ಬೈಕೊಂತ ಬಂದೆ.

ಮುಂದಿನ ವಾರ ತಹಶೀಲದಾರ ಸಾಹೇಬ್ರ ಮುಂದ ವಿಚಾರಣಿ. ನನ್ನ ಕಡೆಯಿಂದ ನಾನು, ಮತ್ತ ಹೊರಗ ನಿಂತ ಯೂಸುಫಸಾಬ. ಬೈಸಿಕೊಂಡ್ರೂ ಬಂದಿದ್ದ. ಹನ್ನೊಂದಕ್ಕ ಚನ್ನೇಶ ಬಂದ. ಆಟೋದಾಗಿಂದ ಅಂವ ಯಾರನ್ನ ಎತ್ತಿ ಇಳಿಸಿದ ಅಂತೀರಿ? ಹೊಳಿಯವ್ವನ್ನ. ನನ್ನ ಐದನೇ ಬೆರಳು ಅವನ ಸಾಕ್ಷಿ ಆಗಿ ಬಂದಿತ್ತು. ಉಡಿಕಿಗೆ ಕರದಿದ್ದ ಒಬ್ಬಾಕಿ ಬದುಕ್ಯಾಳ, ಆಕಿನ ಇಲ್ಲ ಅಂದ್ರ ಮುಗೀತಲ್ಲ, ಅಷ್ಟು ಲೆಕ್ಕಾ ಹಾಕಿದ್ದ ಅಂವ. ಸಣ್ಣಾಂವ ಇದ್ದಾಗಿಂದ ಆಕಿ ಬಾಯಾಗ ನನ್ನ ಬೈಗಳನ ಕೇಳಿದಾಂವಗ ಬ್ಯಾರೆ ಅನುಮಾನ ಎಲ್ಲಿ ಬರಬೇಕು? ಕೆಟ್ಟೆ ಅಂದ್ಕೊಂಡೆ. ಹೊಲಾ ಹೋತು, ಮನಿ ಹೋತು, ಇಟ್ಟುಕೊಂಡಾಕಿ ಅಂತ ಸರ್ಕಾರಿ ಹಾಳ್ಯಾಗ ಹೆಸರೂ ಬಂತು.

ಸಾಹೇಬ್ರು ಮುದುಕಿಗೆ ಕುರ್ಚಿ ಹಾಕಿಸಿದ್ರು. ಅಜ್ಜಿ, ಈ ಹೆಣ್ಣಮಗಳು ನಿಮ್ಮ ಅಳಿಯನ್ನ ಲಗ್ನಾ ಆಗೇನಿ ಅಂತಾಳ, ಖರೇನೋ ಸುಳ್ಳೋ, ನೀವು ಏನರೆ ನೋಡೀರೇನು ಅಂತ ಕೇಳಿದ್ರು. ಚನ್ನೇಶ ಕೈಕಟ್ಟಿ ನಿಂತಿದ್ದ. ನಾ ನೆಲಾ ನೋಡಾಕತ್ತಿದ್ದೆ.

'ಸೀರಿ ಉಡಿಸಿದಾಕಿ ನಾನರಿ' ಅಂದ್ಲು ಹೊಳಿಯವ್ವ. 'ಹಸರ ಬಳಿ ಇಡಿಸಿದಾಕಿ ನಾನ. ಅಂವ ತಾಳಿ ಕಟ್ಟೂ ಮುಂದ ದೀಪಾ ಹಿಡದಾಕೀನೂ ನಾನ. ಬರಕೋರಿ.'

ಚನ್ನೇಶ ಬಿಳಿಚಿಕೊಂಡ. ಆಯಿ, ವಿಚಾರ ಮಾಡಿ ಮಾತಾಡು, ನಿನ್ನೆ ನನ್ನ ಮುಂದ ಏನ್ ಹೇಳಿದ್ದಿ ಅಂದ. ನಿನ್ನೆ ನೀ ಕೇಳಲಿಲ್ಲ, ನೀನ ಹೇಳಿಕೊಂಡಿ, ನಾ ಹೂಂ ಅಂದೆ ಅಂದ್ಲು ಮುದುಕಿ. ಸಾಹೇಬ್ರೂ ಬರಿಯೂದು ಬಿಟ್ಟು ಆಕಿ ಮುಖಾ ನೋಡಿದ್ರು. ನೀವು ಈ ಹೆಣ್ಣಮಗಳ ಕಡೆಯಾವ್ರೇನು ಅಂತ ಕೇಳಿದ್ರು.

'ಈಕಿ ಹಾಳಾಗಲಿ ಅಂತ ಮೂವತ್ತು ವರ್ಷ ದಿನಾ ಮುಂಜಾನೆ ಎದ್ದು ಶಾಪಾ ಹಾಕೇನ್ರಿ' ಅಂದ್ಲು. ದನಿ ಏರಲಿಲ್ಲ, ಹಾಲಿನ ಲೆಕ್ಕಾ ಹೇಳಿದಂಗ ಹೇಳಿದ್ಲು. 'ನನ್ನ ಮಗಳ ಜಾಗಾಕ್ಕ ಬಂದು ಕುಂತಾಕಿ ಅಂತ ಹಾಕೇನಿ. ಈಗ ಈಕಿ ಹೆಂಡ್ತೀನ ಅಲ್ಲಂದ್ರ ನಾ ಇಷ್ಟು ವರ್ಷ ಶಾಪಾ ಹಾಕಿದ್ದು ಯಾರಿಗ್ರಿ?'

ಸಾಹೇಬ್ರು ಚನ್ನೇಶನ ಕಡೆ ಹೊಳ್ಳಿ, ನೀ ಕರಕೊಂಡು ಬಂದ ಸಾಕ್ಷಿನ ಹಿಂಗ ಹೇಳಿದ ಮ್ಯಾಲ ಇನ್ನೇನೈತಿ, ಹೂಂ ಅಂದ್ರ ಇಬ್ಬರ ಹೆಸರೂ ಹಾಕಿ ಇವತ್ತ ಮುಗಸ್ತೇನಿ, ಇಲ್ಲಂದ್ರ ಕೋರ್ಟಿಗೆ ಹೋಗು, ನಿನ್ನ ಮಕ್ಕಳ ಕಾಲಕ್ಕ ತೀರ್ಪು ಬರ್ತೈತಿ ಅಂದ್ರು. ಚನ್ನೇಶ ಹೂಂ ಅಂದ. ಹಲ್ಲು ಕಚ್ಚಿ ಅಂದ, ಆದ್ರೂ ಅಂದ.

ನಂಗ ಅಳು ಬಂತು. ಹೋಗಿ ಮುದುಕಿ ಕಾಲಿಗೆ ಬೀಳಾಕ ಬಗ್ಗಿದೆ. ಆಕಿ ಕಾಲು ಹಿಂದ ಎಳಕೊಂಡ್ಲು. ನಿನ್ನ ಸಲುವಾಗಿ ಹೇಳಿಲ್ಲ ಅಂದ್ಲು, ನನ್ನ ಕಡೆ ನೋಡದನ. ಆಮ್ಯಾಲ ಕುರ್ಚಿ ಹಿಡಕೊಂಡು ಎದ್ದು ನಿಂತು, ಸಾಹೇಬ್ರ, ಖರೇ ಬರಿಯೂದಾದ್ರ ಪೂರ್ತಿ ಖರೇ ಬರೀರಿ ಅಂದ್ಲು. ಈ ಹುಡುಗನ್ನ ನನ್ನ ಮಗಳು ಹಡದಾಳ, ಈಕಿ ಸಾಲ್ಯಾಗ ತನ್ನ ಹೆಸರು ಬರಸ್ಯಾಳ, ಇಲ್ಲಿ ಹಂಗಾಗಬಾರ್ದು ಅಂದ್ಲು. ಸಾಲಿ ದಾಖಲೆ ನಮ್ಮ ಕೈಯಾಗಿಲ್ಲ ಅಜ್ಜಿ, ವಂಶಾವಳಿ ಮಾತ್ರ ಬರೋಬ್ಬರಿ ಬರೀತೇವಿ ಅಂದ್ರು ಸಾಹೇಬ್ರು.

ತಲಾಠಿ ಹುಡುಗಿ ಕಂಪ್ಯೂಟರ್ ಮುಂದ ಕುಂತು ಟೈಪ್ ಮಾಡಿದ್ಲು. ಹಾಳಿ ಹೊರಗ ಬಂತು. ಸಹಿಗಿಂತಾ ಮೊದಲ ಎಲ್ಲಾರಿಗೂ ಕೇಳೂವಂಗ ಓದಬೇಕಂತ, ಓದಿದ್ಲು. ಮೃತ ಮೈಲಾರೆಪ್ಪ, ಇವರ ಮೊದಲನೇ ಹೆಂಡತಿ ಮಾಲತವ್ವ, ಮೃತ, ಸಂತಾನ ಚನ್ನೇಶ. ಹೊಳಿಯವ್ವ ಕಣ್ಣು ಮುಚ್ಚಿದ್ಲು. ಎರಡನೇ ಹೆಂಡತಿ ಉಚ್ಚಂಗೆವ್ವ, ಹಯಾತ ಇರುತ್ತಾರೆ. ಅಂದ್ರ ನಾ ಬದುಕೇನಿ ಅಂತ. ಅದನ್ನ ಕೇಳಿ ಎದಿಯಾಗಿಂದ ಒಂದು ಭಾರ ಇಳೀತು. ಹುಡುಗಿ ಮುಂದಿನ ಸಾಲು ಓದಿದ್ಲು. ಸಂತಾನ ಇಲ್ಲ.

ಎರಡು ಸಲ ಬಸರು ನಿಂತಿತ್ತು ನನಗ, ಎರಡೂ ಸಲ ಮೂರು ತಿಂಗಳಿಗೆ ಹೋತು. ಹಾವೇರಿಗೆ ದೊಡ್ಡ ಡಾಕ್ಟರ ಕಡೆ ತೋರಸೂನು ನಡಿ ಅಂತ ಗಂಡ ಗಾಡಿ ಹೂಡಿಸಿದ್ದ. ಹೋಗೂ ಮುಂದ ಚನ್ನೇಶಗ ಜ್ವರಾ ಬಂದಿತ್ತು, ನನ್ನ ಸೆರಗು ಬಿಡ್ಲಿಲ್ಲ. ಗಾಡಿ ಬಿಚ್ಚಿಸ್ರಿ, ನಂಗ ಈತ ಅದಾನಲ್ಲ, ಇನ್ನೊಂದ ಯಾಕ ಬೇಕು ಅಂದಿದ್ದೆ. ಮುಂದ ಎಂದೂ ಹೋಗಲಿಲ್ಲ.

ಚನ್ನೇಶನ ಮುಖಾ ನೋಡಿದೆ. ಏನರೆ ಅಂತಾನೇನೋ ಅಂತ ನೋಡಿದೆ, ಸುಳ್ಳು ಯಾಕ ಹೇಳ್ಲಿ. ಅಂವ ಲಗೂ ಲಗೂ ಸಹಿ ಮಾಡಿ ಹಾಳಿ ನನ್ನ ಕಡೆ ದಬ್ಬಿ ಕಿಟಕಿ ಹೊರಗ ನೋಡಾಕತ್ತಿದ.

'ಅಮ್ಮಾರ, ಬರೋಬ್ಬರಿ ಐತೇನ್ರಿ? ತಪ್ಪಿದ್ರ ಈಗ ಹೇಳ್ರಿ, ಆಮ್ಯಾಲ ತಿದ್ದಾಕ ಬರೂದಿಲ್ಲ' ಅಂದ್ಲು ತಲಾಠಿ.

'ಬರೋಬ್ಬರಿ ಐತವಾ' ಅಂದೆ. ಆ ಸಾಲಿನ ಕೆಳಗ ಸಹಿ ಮಾಡಿದೆ.